ಸುಣ್ಣ ಕಟ್ಟಿದ ಭುಜ

ಬಿಸಿನೀರಿನ ಬಕೆಟ್ಟನ್ನು ಎತ್ತಿ ಎದುರು ಕೂತ ಹೆಂಗಸಿನ ಬೆನ್ನಿಗೆ ಸುರಿಯಬೇಕು, ಅಷ್ಟರಲ್ಲಿ ಇತ್ತೋಳ ಬಲಗೈ ಎದೆಮಟ್ಟಕ್ಕೇ ನಿಂತುಬಿಟ್ಟಿತು. ನೀರೆಲ್ಲ ಕಲ್ಲುಹಾಸಿನ ಪಾಲಾಯಿತು.

"ಕೊಡೇ ಇಲ್ಲಿ," ಎಂದು ಜೊತೆ ಕೆಲಸದ ಮಹ್ಜೂಬಾ ಬಕೆಟ್ ಕಸಿದುಕೊಂಡಳು. "ನಿನ್ನೆನೂ ಒರಟು ಬಟ್ಟೆಯಲ್ಲಿ ಭುಜ ತಿಕ್ಕಿದೀಯ ತಾನೆ? ಹೆಂಗೆ ಕೆಂಪಾಗಿದೆ ನೋಡು."

"ತಿಕ್ಕಿದ್ರೆ ಹೋಗದೇ ಇರೋದು ಏನಿದೆಯೇ?"

ಸೆಫ್ರೂ ಊರಿನ ಹಮ್ಮಾಮಿನಲ್ಲಿ, ಅಂದರೆ ಸಾರ್ವಜನಿಕ ಬಿಸಿನೀರಿನ ಸ್ನಾನದ ಮನೆಯಲ್ಲಿ, ಹೆಂಗಸರ ಮೈ ತಿಕ್ಕುತ್ತಲೇ ಅರ್ಧ ಆಯುಷ್ಯ ಸವೆಸಿದವಳು ಇತ್ತೋ. ಖನೀಫ್ರಾ ಊರಿನಿಂದ ತಂಗಿ ತೂದಾ ಕಾಗದ ಬರೆಸಿದ್ದಳು: ಬೇಸಿಗೆಗೆ ಮಗಳ ಮದುವೆ, ಮದುಮಗಳ ಸ್ನಾನ ದೊಡ್ಡಮ್ಮನ ಕೈಯಿಂದಲೇ ಆಗಬೇಕು. ಅಕ್ಷರ ಕಲಿತಿದ್ದೀಯಲ್ಲ, ಫೋನು ಬೇಡ, ಬರೆದೇ ತಿಳಿಸು. 'ಬರುತ್ತೇನೆ' ಎಂದು ಇತ್ತೋ ಬರೆದೂ ಆಗಿತ್ತು. ಆದರೆ ಏಳದ ಕೈ ಹೊತ್ತು ಹೋಗಿ ಮದುಮಗಳ ತಲೆಗೆ ನೀರು ಹಾಕುವುದು ಹೇಗೆ? ಬರೆದ ಉತ್ತರ ಅಂಚೆಗೆ ಹೋಗದೆ, ಮೈಗೆ ಹಚ್ಚುವ ಕಪ್ಪು ಸೋಪಿನ ಡಬ್ಬಿಯ ಕೆಳಗೇ ಉಳಿಯಿತು.

ಆಸ್ಪತ್ರೆಯಲ್ಲಿ ಡಾಕ್ಟರು ಸುಕೈನಾ ಸ್ಕ್ಯಾನಿನ ಪರದೆಯ ಮೇಲೊಂದು ಬಿಳಿ ಮಚ್ಚೆ ತೋರಿಸಿದಳು. "ಅಮ್ಮಾ, ಇದು ಕೊಳೆ ಅಲ್ಲ. ಒಳಗೆ ಸುಣ್ಣ ಕಟ್ಟಿದೆ. ಮೇಲಿಂದ ತಿಕ್ಕಿದಷ್ಟೂ ಕೆರಳುತ್ತೆ. ಇಷ್ಟು ದಿನ ಕೊಟ್ಟ ಮಾತ್ರೆಗೂ ಬಗ್ಗಲಿಲ್ಲ ನೋಡಿ."

"ಕೊಯ್ತೀಯೇನವ್ವಾ?"

"ಇಲ್ಲ. ತೊಳೀತೀನಿ."

ಮರಗಟ್ಟಿಸಿದ ಭುಜಕ್ಕೆ ಸೂಜಿ ಇಳಿಯಿತು. ತಿಳಿಯಾಗಿ ಒಳಹೋದ ಉಪ್ಪುನೀರು ಗೋಡೆಗೆ ಬಳಿಯುವ ಸುಣ್ಣದಂತೆ ಬೆಳ್ಳಗೆ ಮರಳಿತು. ಇತ್ತೋ ಕಣ್ಣು ಕೀಳಲಿಲ್ಲ.

"ಊರೋರ ಕೊಳೆಯೆಲ್ಲ ತೆಗೆದೆ. ನನ್ನದು ತೆಗೆಯೋಕೆ ನೀನೇ ಬರಬೇಕಾಯ್ತು."

"ಹಾಗಾದ್ರೆ ಒಂದಿನ ನನ್ನ ಬೆನ್ನು ತಿಕ್ಕಿಕೊಡಿ. ಆದ್ರೆ ಮೊದಲು ನಿಮ್ಮ ಬೆರಳು ಗೋಡೆ ಹತ್ತಬೇಕು, ದಿನಾ."

ಆ ರಾತ್ರಿ ಭುಜ ಮೊದಲಿಗಿಂತ ಹೆಚ್ಚು ಸಿಡಿಯಿತು. ತಿಕ್ಕಲು ಹೋದ ಎಡಗೈಯನ್ನು ಅವಳು ತೊಡೆಯ ಕೆಳಗೆ ಅದುಮಿಟ್ಟುಕೊಂಡಳು.

ಸಿಡಿತ ಇಳಿದ ಮೇಲೆ ಹಮ್ಮಾಮಿನ ಗೋಡೆಯ ಮೇಲೆ ಬೆರಳುಗಳು ಜೇಡದಂತೆ ಹತ್ತಿದವು, ಜಾರಿದವು, ಮತ್ತೆ ಹತ್ತಿದವು. ತಲುಪಿದಲ್ಲಿಗೆ ಮಹ್ಜೂಬಾ ಸೋಪಿನ ಗೆರೆ ಎಳೆಯುವಳು.

"ಇಷ್ಟೇನಾ? ಮದುಮಗಳು ಅಷ್ಟು ಕುಳ್ಳೀನೇನೇ?"

"ಬಾಯಿ ಮುಚ್ಚೇ, ನಿನಗಿಂತ ಉದ್ದ ಇದಾಳೆ!"

ಗೆರೆ ತನ್ನ ನೆತ್ತಿಯನ್ನೂ ದಾಟಿದ ದಿನ ಮಹ್ಜೂಬಾ ಸೋಪಿನ ಡಬ್ಬಿ ಸರಿಸಿ, ಆ ಉತ್ತರದ ಕಾಗದವನ್ನು ಒರೆಸಿ, ಇತ್ತೋಳ ಕೈಗಿಟ್ಟಳು.

ಅಂಚೆಕಚೇರಿಯ ಹಳದಿ ಪೆಟ್ಟಿಗೆಯನ್ನು ಗೋಡೆಗೆ ಎತ್ತರದಲ್ಲಿ ಜಡಿದಿದ್ದರು. ರೂಢಿಯಂತೆ ಎಡಗೈ ನೆರವಿಗೆ ಏಳುವಷ್ಟರಲ್ಲಿ ಬಲಗೈ ಅದರ ಬಾಯಿ ಮುಟ್ಟಿತ್ತು. ಕಾಗದ ಒಳಗೆ ಬಿದ್ದ ಸದ್ದು ಕೇಳಿಸಿತು. ಇತ್ತೋ ಕೈಯನ್ನು ಕೆಳಗಿಳಿಸದೆ, ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದಳು.