ಪರ್ಚ್ ಮೀನಿನ ಬೆನ್ನುಮುಳ್ಳು

ಪರ್ಚ್ ಮೀನನ್ನು ಹಿಡಿಯುವಾಗ ನಮ್ಮ ಊರಿನ ಮಕ್ಕಳೂ ಮೊದಲು ಅದರ ತಲೆಯಿಂದ ಬಾಲದ ಕಡೆಗೆ ಅಂಗೈ ಸವರುತ್ತಾರೆ. ಬೆನ್ನಿನ ಮೇಲೆ ಸೆಟೆದು ನಿಂತ ಮುಳ್ಳುಗಳು ಆಗ ಮಡಚಿಕೊಳ್ಳುತ್ತವೆ. ನನ್ನ ಗಂಡ ವಿಗಾಂತಾಸ್ ಆ ಭಾನುವಾರ ಸವರುವುದನ್ನು ಮರೆತ.

ಚಳಿಗಾಲದಲ್ಲಿ ಅವನಿಗೆ ಪಾರ್ಶ್ವವಾಯು ಹೊಡೆದಿತ್ತು. ನಡಿಗೆ ಮರಳಿತು, ಮಾತು ಮರಳಿತು, ಬಲಗೈ ಬೆರಳುಗಳೂ ಆಡತೊಡಗಿದವು. ಆದರೆ ಆ ಕೈಗೆ ಸ್ಪರ್ಶ ತಿಳಿಯುತ್ತಿರಲಿಲ್ಲ. ಅವನದು ಅಕಾರ್ಡಿಯನ್ ರಿಪೇರಿಯ ಕೆಲಸ. ಸ್ವರ ಹೊರಡಿಸುವ ಲೋಹದ ರೀಡು ಎಲ್ಲಿ ಸವೆದಿದೆ ಎಂದು ಬೆರಳ ತುದಿಯೇ ಹೇಳಬೇಕು. ಬೇಸಿಗೆ ಕಾಲಿಡುವಷ್ಟರಲ್ಲಿ ಸ್ಪರ್ಶ ಬಾರದಿದ್ದರೆ ಇನ್ನು ಬಾರದು ಎಂದಿದ್ದರು ಡಾಕ್ಟರು. ಈಗ ಬೇಸಿಗೆ ಬಾಗಿಲಲ್ಲಿತ್ತು. ಅವನ ಹತಾರಗಳನ್ನೆಲ್ಲ ಕೊಳ್ಳಲು ಕೌನಾಸ್ ಪಟ್ಟಣದವನೊಬ್ಬ ಕಾಯುತ್ತಿದ್ದ. ಸೋಮವಾರ ತಿಳಿಸುತ್ತೇವೆ ಎಂದು ನಾನೇ ಹೇಳಿದ್ದೆ.

ಮೊದಮೊದಲು ನಾನು ದಿನವೂ ಸೂಜಿಯಿಂದ ಅವನ ಬೆರಳುಗಳನ್ನು ಚುಚ್ಚಿ ನೋಡುತ್ತಿದ್ದೆ. "ನಾನೇನು ನಿನ್ನ ಸೂಜಿ ಸಿಕ್ಕಿಸೋ ದಿಂಬಾ?" ಎಂದು ಅವನು ರೇಗಿದ ಮೇಲೆ ಸೂಜಿಯನ್ನು ಬಿಟ್ಟೆ. ನೋಡುವುದನ್ನು ಬಿಡಲಾಗಲಿಲ್ಲ. ಆ ಭಾನುವಾರ ಸರೋವರದೊಳಕ್ಕೆ ಚಾಚಿದ ಮರದ ಜೆಟ್ಟಿಯ ಮೇಲೂ ಹಲಗೆಯ ತುದಿಯಲ್ಲಿ ಕೂತು ಅವನ ಕೈಯನ್ನೇ ನೋಡುತ್ತಿದ್ದೆ.

ಮೊದಲ ಮೀನಿನ ಮುಳ್ಳು ಅವನ ಅಂಗೈಗೆ ನೆಟ್ಟಗೆ ಹೊಕ್ಕಿತು. ಅವನು ಪಕ್ಕದ ಮನೆಯ ಝೆನೊನಾಸ್ ಜೊತೆ ಮಾತಾಡುತ್ತಲೇ ಗಾಳ ಬಿಡಿಸಿದ.

"ರಕ್ತ ಸುರೀತಿದೆ ಕಣೋ," ಎಂದ ಝೆನೊನಾಸ್. "ಮೀನಿಂದಾ, ನಿಂದಾ?"

ವಿಗಾಂತಾಸ್ ಅಂಗೈ ನೋಡಿಕೊಂಡ. ಆಮೇಲೆ ನನ್ನ ಕಡೆ ನೋಡಿದ. ನಾನು ಅಷ್ಟರಲ್ಲಿ ನೀರಿನ ಮೇಲೆ ತೇಲುವ ಗಾಳದ ಬೆಂಡಿನತ್ತ ಕಣ್ಣು ಹೊರಳಿಸಿದ್ದೆ.

ಎಷ್ಟೋ ಹೊತ್ತಿನ ಮೇಲೆ ಇನ್ನೊಂದು ಸಿಕ್ಕಿತು. ಈ ಸಲ ಅವನು ನಿಧಾನವಾಗಿ ಸವರಿ, ಮುಳ್ಳು ಮಡಚಿ, ಭದ್ರವಾಗಿ ಹಿಡಿದ. ಹಿಡಿದು, "ಸ್ಸ್... ಚುಚ್ತು ಕಣೇ" ಎಂದು ಕೈ ಒದರಿದ.

"ಇಷ್ಟು ವರ್ಷ ಮೀನು ಹಿಡಿದೂ ಇವನಿಗೆ ಬುದ್ಧಿ ಬರ್ಲಿಲ್ಲ," ಎಂದು ನಗುತ್ತಾ ಝೆನೊನಾಸ್ ತನ್ನ ಬಕೆಟ್ ಎತ್ತಿಕೊಂಡು ಮನೆಗೆ ಹೊರಟ.

ಮುಳ್ಳುಗಳು ವಿಗಾಂತಾಸ್‌ನ ಮುಷ್ಟಿಯೊಳಗೆ ಮಲಗಿದ್ದುದನ್ನು ನಾನು ನೋಡಿದ್ದೆ. ಅವನ ಮುಖದಲ್ಲಿ ಪರೀಕ್ಷೆ ಪಾಸಾದವನ ಕಳೆ ಇತ್ತು. ನನಗಾಗಿ ತಂದುಕೊಂಡ ಕಳೆ.

"ನಿಜವಾಗ್ಲೂ ನೋವಾಯ್ತಾ?"

"ಆಯ್ತು ಅಂದ್ನಲ್ಲ."

ನಾನು ಕರವಸ್ತ್ರ ತೆಗೆದೆ. ಕಟ್ಟುವುದಕ್ಕೆ ಕೇಳಲೇಬೇಕಿತ್ತು, ಪರೀಕ್ಷಿಸುವ ಉದ್ದೇಶವಿರಲಿಲ್ಲ. "ಯಾವ ಬೆರಳು?"

ಅವನು ಕೈ ಚಾಚಿದ. ಅಂಗೈಯಲ್ಲಿ ಮೊದಲ ಗಾಯದ ರಕ್ತ ಒಣಗಿತ್ತು. ಬೆರಳುಗಳಲ್ಲಿ ಗಾಯವಿರಲಿಲ್ಲ. ಒಂದೊಂದನ್ನೂ ತಿರುಗಿಸಿ ನೋಡಿದ, ಬೇರೆ ಯಾರದೋ ಕೈಯನ್ನು ನೋಡುವ ಹಾಗೆ.

"ನೀನೇ ಒಂದು ಆರಿಸು," ಎಂದ ಕೊನೆಗೆ.

ನಾನು ಉಂಗುರದ ಬೆರಳಿಗೆ ಕಟ್ಟಿದೆ. ಅಗತ್ಯಕ್ಕಿಂತ ಬಿಗಿಯಾಗಿ ಕಟ್ಟಿದರೂ ಅವನ ಮುಖ ಬದಲಾಗಲಿಲ್ಲ.

"ಆ ಕೌನಾಸಿನವನಿಗೆ ಬಾ ಅನ್ನು," ಎಂದ ಅವನು, ಎಡಗೈಯಿಂದ ಎರೆಹುಳುವಿನ ಡಬ್ಬಿ ಮುಚ್ಚುತ್ತಾ. "ಊಟಕ್ಕೂ ಇರ್ಲಿ. ಅಷ್ಟು ದೂರದಿಂದ ಬರ್ತಾನೆ."