ಕೇಕಿನಲ್ಲಿ ಇಲ್ಲದ ರಸ್ತೆ

೧

ಈ ಕಥೆಯೊಳಗೆ ಬರಲು ದಾರಿಗಳು ಬಹಳ. ತೊಂದರೆ ಅದೇ. ಒಂದೇ ದಾರಿ ಇದ್ದಿದ್ದರೆ ಯೋಚನೆಯಿಲ್ಲದೆ ಬಂದುಬಿಡುತ್ತಿದ್ದೆ.

ಮೊದಲು ಸೇತುವೆಯಿಂದ ಶುರು ಮಾಡಿದೆ: ಊರಂಚಿನಲ್ಲಿ ಮೂರು ಅಂತಸ್ತಿನ ಮೇಲ್ಸೇತುವೆಯೊಂದು ಹೆಬ್ಬಾವಿನಂತೆ ಮಲಗಿತ್ತು. ಹೆಬ್ಬಾವು ಬಂದ ಕೂಡಲೇ ಪೆನ್ನು ಕೆಳಗಿಟ್ಟೆ. ಸೇತುವೆ ಕಂಡಲ್ಲೆಲ್ಲ ಹೆಬ್ಬಾವನ್ನು ಎಳೆದು ತಂದವರು ನನಗಿಂತ ಮೊದಲೇ ಎಷ್ಟೋ ಜನ. ಆ ಪ್ರಾಣಿಗೂ ಸಾಕಾಗಿರಬೇಕು. ಎರಡನೆಯ ಸಲ ಅಪಘಾತದಿಂದ ಶುರು ಮಾಡಿದೆ. ಅದನ್ನು ಹರಿದೆ. ಹರಿದದ್ದು ನಾನೇ ಆದರೂ ಹರಿಸಿದವರು ಬೇರೆ, ಅವರು ಇನ್ನೇನು ಬರುತ್ತಾರೆ. ಮೂರನೆಯ ಸಲ ಕೇಕಿನಿಂದ ಶುರು ಮಾಡಿದೆ. ಕೇಕು ನಿಂತಿತು.

೨

ಶಾಲೆ ಮಕ್ಕಳ ವ್ಯಾನಿನ ಹಿಂಭಾಗದಲ್ಲಿ ಸೀಟು ಬಿಚ್ಚಿ ಜಾಗ ಮಾಡಿ, ಜಾರದಿರಲೆಂದು ಒದ್ದೆ ಟವೆಲ್ ಹಾಸಿ, ಅದರ ಮೇಲೆ ಹಲಗೆ ಇಟ್ಟು, ಹಲಗೆಯ ಮೇಲೆ ಆ ಕೇಕನ್ನು ಇಟ್ಟಿದ್ದರು. ಪಕ್ಕದಲ್ಲಿ ಅದನ್ನು ಮಾಡಿದವಳು ಮಂಡಿಯೂರಿ ಕೂತಿದ್ದಳು, ಹಲಗೆಯ ಎರಡು ಅಂಚಿಗೂ ಕೈ ಕೊಟ್ಟು. ಮನೆಯಲ್ಲಿ ಅವಳನ್ನು ತಕ್ಕಡಿ ಅನ್ನುತ್ತಾರೆ. ಹಿಟ್ಟು ತೂಗುವುದು ಅವಳ ಕಸುಬು, ಆದರೆ ಹೆಸರು ಬಂದದ್ದು ಅದಕ್ಕಲ್ಲ. ಊಟಕ್ಕೆ ಬಾ ಎಂದು ಕರೆದರೂ ಒಂದು ಕ್ಷಣ ತೂಗಿ ನೋಡಿಯೇ ಬಂದೆ ಎನ್ನುವ ಹುಡುಗಿ ಅವಳು, ಚಿಕ್ಕವಳಿದ್ದಾಗಿನಿಂದ.

ವ್ಯಾನ್ ಓಡಿಸುತ್ತಿದ್ದವಳು ಅವಳ ಅತ್ತಿಗೆ, ಅಂದರೆ ಅಣ್ಣನ ಹೆಂಡತಿ. ವ್ಯಾನ್ ಅವಳದೇ. ಬೆಳಗ್ಗೆ ಸಂಜೆ ಅದರ ತುಂಬ ಮಕ್ಕಳು, ಗಲಾಟೆ, ಮರೆತುಹೋದ ನೀರಿನ ಬಾಟಲಿ. ತಕ್ಕಡಿ ಒಂದು ಮಾತು ತೂಗುವಷ್ಟರಲ್ಲಿ ಅತ್ತಿಗೆ ಹತ್ತು ಮಾತು ಆಡಿ, ಅದರಲ್ಲಿ ಎರಡನ್ನು ವಾಪಸ್ ತಗೊಂಡು, ಟೀ ಕುಡಿದು ಲೋಟ ತೊಳೆದಿಟ್ಟಿರುತ್ತಾಳೆ.

ಇನ್ನು ಕೇಕಿನ ವಿಷಯ. ಅದು ಸೇತುವೆಯ ಆಕಾರದ್ದು. ಯಾವುದೋ ಸೇತುವೆಯಲ್ಲ, ಅವರು ಈಗ ಹತ್ತಲಿದ್ದ ಸೇತುವೆಯೇ: ಮೂರು ಹೆದ್ದಾರಿಗಳು ಒಂದರ ಮೇಲೊಂದು ಹಾದು, ನಾಲ್ಕು ಕಡೆ ಹೂವಿನ ಎಸಳಿನಂತೆ ಸುತ್ತುರಸ್ತೆಗಳಿರುವ ಸಂಕೀರ್ಣ. ಕಾಗದಪತ್ರಗಳಲ್ಲಿ ಅದಕ್ಕೆ ಒಂದು ಸಾಲು ಉದ್ದದ ಹೆಸರಿದೆ. ಜನ ಮಾತ್ರ 'ಸಿಕ್ಕು' ಅನ್ನುತ್ತಾರೆ. ಸಿಕ್ಕು ದಾಟಿದ ಮೇಲೆ ಫೋನ್ ಮಾಡು, ಸಿಕ್ಕಿನಲ್ಲಿದ್ದೀನಿ ಆಮೇಲೆ ಮಾತಾಡ್ತೀನಿ, ಹೀಗೆ.

ಆ ಸಿಕ್ಕನ್ನು ಬರೆದ ಎಂಜಿನಿಯರ್ ಅಂದು ನಿವೃತ್ತರಾಗುತ್ತಿದ್ದರು. ಅವರ ಕೈಕೆಳಗಿನವರು ಸಭೆ ಏರ್ಪಡಿಸಿ, ಸಾಹೇಬರ ಕಣ್ಣಿಗೆ ಬೀಳದಂತೆ ನಕ್ಷೆಯ ಒಂದು ಪ್ರತಿಯನ್ನು ತಕ್ಕಡಿಗೆ ಕೊಟ್ಟು, ಇದನ್ನೇ ಕೇಕು ಮಾಡಿ ಎಂದಿದ್ದರು. ಮಾಡುವವರು ಯಾರೆಂದು ಸಾಹೇಬರಿಗೆ ಹೇಳಿರಲಿಲ್ಲ.

(ಇದನ್ನು ಕೊನೆಗೆ ಬಿಚ್ಚಿಡೋಣ ಎಂದುಕೊಂಡಿದ್ದೆ. ಆದರೆ ನೀವು ಓದಿನಲ್ಲಿ ಪಳಗಿದವರು, ಆಗಲೇ ಊಹಿಸಿರುತ್ತೀರಿ. ಹೌದು, ಎಂಜಿನಿಯರ್ ತಕ್ಕಡಿಯ ಅಪ್ಪ.)

೩

ತಕ್ಕಡಿಯೂ ಓದಿದ್ದು ಎಂಜಿನಿಯರಿಂಗೇ. ಅಪ್ಪನ ಇಲಾಖೆಯ ನಕ್ಷೆ ವಿಭಾಗದಲ್ಲಿ ಕೆಲವು ವರ್ಷ ಕೆಲಸವನ್ನೂ ಮಾಡಿದಳು. ಒಂದು ದಿನ ಬಿಟ್ಟಳು. ಅಪ್ಪ ಕೂಗಾಡಲಿಲ್ಲ, ಕೂಗಾಡಿದ್ದರೆ ಮುಗಿದುಹೋಗುತ್ತಿತ್ತು. ನೆಂಟರು ಕೇಳಿದರೆ, ಮಗಳು ರಜೆಯಲ್ಲಿದ್ದಾಳೆ ಎಂದರು. ಅಂಗಡಿ ಶುರುವಾಯಿತು, ಓವನ್ ಬಂತು, ಎರಡನೆಯ ಓವನ್ ಬಂತು. ಮಗಳು ರಜೆಯಲ್ಲೇ ಇದ್ದಳು. ಅವಳು ಏನು ಮಾಡಿ ಮುಂದಿಟ್ಟರೂ ಸಕ್ಕರೆ ಬೇಡ ಎನ್ನುತ್ತಿದ್ದರು. ಅವರಿಗೆ ಯಾವ ಕಾಯಿಲೆಯೂ ಇರಲಿಲ್ಲ. ಟೀಗೆ ಮೂರು ಚಮಚ ಹಾಕಿಕೊಳ್ಳುತ್ತಿದ್ದರು.

ಹಾಗಾಗಿ ಈ ಕೇಕು ಬರೀ ಕೇಕಲ್ಲ. ಅಪ್ಪ ಒಮ್ಮೆ ಬಗ್ಗಿ ನೋಡಬೇಕು, ಅಳತೆ ಸರಿಯಿದೆ ಎನ್ನಬೇಕು, ಒಂದು ಚೂರು ಬಾಯಿಗಿಡಬೇಕು. ಅವಳಿಗೆ ಬೇಕಾದದ್ದು ಇಷ್ಟೇ, ಮತ್ತು ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅತ್ತಿಗೆಗೆ ಹೇಳದೆಯೇ ಗೊತ್ತಿತ್ತು.

ಅವಳ ಇನ್ನೊಂದು ಗುಟ್ಟು: ಅಪ್ಪನ ಸೇತುವೆಯನ್ನು ಅವಳು ಒಮ್ಮೆಯೂ ಹತ್ತಿರಲಿಲ್ಲ. ಹೆದರಿಕೆ. ಎಲ್ಲಿಗೆ ಹೋದರೂ ಹಳೇ ರಸ್ತೆಯಲ್ಲಿ ಬಳಸಿಕೊಂಡು ಹೋಗುತ್ತಿದ್ದಳು. ಅತ್ತಿಗೆಯ ವ್ಯಾನಿನ ಓಡಾಟವೆಲ್ಲ ಊರೊಳಗೇ. ಅಂದು ಹಳೇ ರಸ್ತೆಯನ್ನು ಪೈಪು ಹಾಕಲು ಅಗೆದಿದ್ದರು.

೪ (ಹರಿದದ್ದು)

ಸಿಕ್ಕಿನ ಮೊದಲ ಏರಿನಲ್ಲಿ ಎಡಗಡೆಯಿಂದ ನುಗ್ಗಿದ ಲಾರಿ ವ್ಯಾನಿಗೆ—

"ನಿಲ್ಲಿಸಿ ಮೇಡಂ," ಎಂದಳು ಅತ್ತಿಗೆ.

ನನಗೇ ಅಂದದ್ದು.

"ಇಷ್ಟು ವರ್ಷ ಊರಿನವರ ಮಕ್ಕಳನ್ನ ಕರ್ಕೊಂಡು ಓಡಾಡಿದೀನಿ. ಬಾಗಿಲಿಗೆ ಒಂದು ಗೀರು ಬಿದ್ದಿಲ್ಲ. ನಿಮ್ಮ ಕಥೆಗೆ ನಾಲ್ಕು ಜನ ಕಣ್ಣು ಒರೆಸ್ಕೊಳ್ಳಲಿ ಅಂತ ನನ್ನ ಗಾಡಿ ಗುದ್ದಿಸ್ತೀರಾ?"

ಈ ಸಿಕ್ಕಿನಲ್ಲಿ ಅಪಘಾತ ಆಗುವುದು ಸಹಜ, ವರದಿಗಳಿವೆ ಎಂದು ಸಮಜಾಯಿಷಿ ಕೊಟ್ಟೆ. ವರದಿ ಬರೆದವರು ಅವಳ ಪಕ್ಕ ಕೂತಿದ್ದರಾ ಎಂದು ಕೇಳಿದಳು. ಇರಲಿಲ್ಲ. ಕಾಗದ ಹರಿದೆ. ಲಾರಿ ಅದರ ಪಾಡಿಗೆ ಹೋಯಿತು. ಲಾರಿಯವನು ಕೈ ಬೀಸಿದ, ಅತ್ತಿಗೆಯೂ ಬೀಸಿದಳು.

೪ (ಉಳಿದದ್ದು)

ಸಿಕ್ಕಿನ ನಿಯಮವನ್ನು ಮೊದಲೇ ಹೇಳಿಬಿಡುತ್ತೇನೆ. ಅಲ್ಲಿ ಬಲಕ್ಕೆ ಹೋಗಬೇಕಾದವರು ಎಡಕ್ಕೆ ತಿರುಗಬೇಕು. ಎಡಕ್ಕೆ ಹೋಗಬೇಕಾದವರೂ ಎಡಕ್ಕೇ ತಿರುಗಬೇಕು, ಆದರೆ ಸ್ವಲ್ಪ ಮೊದಲು. ಆ 'ಸ್ವಲ್ಪ ಮೊದಲು' ಎಲ್ಲಿ ಎನ್ನುವುದಕ್ಕೆ ಬೋರ್ಡು ಇದೆ. ತಿರುವು ದಾಟಿದ ಮೇಲೆ ಇದೆ.

ಇಬ್ಬರೂ ಹತ್ತಿದರು, ಸುತ್ತಿದರು, ಇಳಿದರು. ಇಳಿದೆವು ಎಂದುಕೊಂಡದ್ದು ಮತ್ತೆ ಏರಾಯಿತು. ಬಲಕ್ಕೆ ಒಂದು ಬಸ್ಸು, ಎಡಕ್ಕೆ ಸಿಮೆಂಟಿನ ಟ್ಯಾಂಕರ್, ನಡುವೆ ಮಕ್ಕಳ ವ್ಯಾನು. ಅತ್ತಿಗೆ ಹಾಡಿಕೊಳ್ಳುತ್ತಿದ್ದವಳು ಹಾಡು ನಿಲ್ಲಿಸಿದಳು. ತಕ್ಕಡಿ ಹಲಗೆಯನ್ನು ಇನ್ನಷ್ಟು ಒತ್ತಿ ಹಿಡಿದಳು. ಸಭೆ ನಡೆಯುತ್ತಿದ್ದ ಇಲಾಖೆಯ ಕಚೇರಿಯ ನೀಲಿ ಗಾಜಿನ ಕಟ್ಟಡ ಎಡಕ್ಕೆ ಕಂಡಿತು, ಆಮೇಲೆ ಹಿಂದೆ ಕಂಡಿತು, ಆಮೇಲೆ ಬಲಕ್ಕೆ. ಒಂದು ಸಲವಂತೂ ಎಷ್ಟು ಹತ್ತಿರ ಬಂತೆಂದರೆ ಮೂರನೆಯ ಮಹಡಿಯಲ್ಲಿ ಯಾರೋ ಟೀ ಕಪ್ಪು ಹಿಡಿದು ನಿಂತದ್ದೂ ಕಾಣಿಸಿತು.

ಫೋನಿನ ನಕ್ಷೆ ಇತ್ತು. ಆದರೆ ಸಿಕ್ಕಿಗೆ ಮೂರು ಅಂತಸ್ತು, ಫೋನಿನ ಚುಕ್ಕೆಗೆ ಒಂದೇ. ಮೇಲಿನ ರಸ್ತೆಯಲ್ಲಿದ್ದಾಗ ಕೆಳಗಿನ ರಸ್ತೆಯ ತಿರುವು ಹೇಳಿತು. ಆ ತಿರುವು ತಗೊಳ್ಳಬೇಕಿದ್ದರೆ ವ್ಯಾನು ಹಾರಬೇಕಿತ್ತು.

"ಅದನ್ನ ಆಫ್ ಮಾಡು," ಎಂದಳು ಅತ್ತಿಗೆ. "ಅದಕ್ಕೂ ಹೆದರಿಕೆ ಆಗಿದೆ, ಪಾಪ."

ಕೆಟ್ಟ ಗಾಡಿಗಳು ನಿಲ್ಲಲೆಂದು ಸೇತುವೆಯ ಅಂಚಿನಲ್ಲಿ ಒಂದು ಕಡೆ ಅಗಲ ಮಾಡಿ ಬಿಟ್ಟಿದ್ದರು. ಅಲ್ಲಿ ಕೆಂಪು ಬಣ್ಣ ಬಳಿದ ಕಂಬದ ಪಕ್ಕ ವ್ಯಾನನ್ನು ತಂದು ನಿಲ್ಲಿಸಿ, ಲೈಟು ಮಿಟುಕಿಸಲು ಬಿಟ್ಟು, ಅತ್ತಿಗೆ ಹಿಂದಕ್ಕೆ ತಿರುಗಿದಳು. ಕೇಕಿನ ಕಡೆ ನೋಡಿದಳು. ತಕ್ಕಡಿಯೂ ನೋಡಿದಳು.

"ಇದು ಇದೇ ತಾನೆ?" ಎಂದಳು ಅತ್ತಿಗೆ.

೫

ಕೇಕಿನ ಮೇಲಿದ್ದ ಮುಚ್ಚಳ ತೆಗೆದರು. ಸಕ್ಕರೆ ಕಣಕದ ರಸ್ತೆಗಳು, ಬಿಸ್ಕತ್ತಿನ ಕಂಬಗಳು, ಸಾಸಿವೆಯಷ್ಟು ದೊಡ್ಡ ದೀಪಗಳು. ನಾವಿಲ್ಲಿದ್ದೀವಿ ಎಂದು ತಕ್ಕಡಿ ತೋರಿಸಿದಳು. ಇಲ್ಲಿಂದ ಹೀಗೆ ಹೋಗಿ, ಹೀಗೆ ಸುತ್ತಿ, ಹೀಗೆ ಎಂದು ಅತ್ತಿಗೆ ಬೆರಳು ಓಡಿಸಿದಳು, ಮುಟ್ಟದೆ. ಗಾಡಿಗಳ ನಡುವೆ ಸಂದು ಕಾದು ಹೊರಟರು. ಎಸಳು ಸುತ್ತಿದರು, ಇಳಿದರು, ಏರಿದರು. ಬಂದು ನಿಂತರೆ ಅದೇ ಅಗಲ ಜಾಗ, ಅದೇ ಕೆಂಪು ಬಣ್ಣ ಬಳಿದ ಕಂಬ.

ಅತ್ತಿಗೆಗೆ ನಗು ಬಂತು. ತಕ್ಕಡಿಗೆ ಬರಲಿಲ್ಲ. ಅವಳ ಮುಖ ನೋಡಿ, ಇವಳಿಗೆ ಏನೋ ಗೊತ್ತಿದೆ ಎಂದು ಅತ್ತಿಗೆಗೆ ತಿಳಿಯಿತು.

ಗೊತ್ತಿತ್ತು. ನಕ್ಷೆಯಲ್ಲಿ ಎಲ್ಲ ರಸ್ತೆಗಳೂ ಒಂದಕ್ಕೊಂದು ಜೋಡಿ: ಎಸಳಿಗೆ ಎದುರು ಎಸಳು, ಬಾಗಿಗೆ ಎದುರು ಬಾಗು. ಮಧ್ಯದ ಅಂತಸ್ತಿನಿಂದ ಇಳಿಯುವ ಒಂದು ಗಿಡ್ಡ ರಸ್ತೆ ಮಾತ್ರ ಒಂಟಿ. ಕೊಕ್ಕೆಯ ಹಾಗೆ, ಸೊಟ್ಟ. ಕೇಕು ಮಾಡುವಾಗ ಅವಳು ಅದನ್ನೂ ಮಾಡಿ ಅಂಟಿಸಿದ್ದಳು. ದೂರ ನಿಂತು ನೋಡಿದಳು. ಕಿತ್ತಳು. ಮತ್ತೆ ಅಂಟಿಸಿದಳು. ಇಡೀ ಕೇಕು ಅದೊಂದರಿಂದ ಒಂದು ಹಲ್ಲು ಸೊಟ್ಟಗಾದ ಬಾಚಣಿಗೆಯ ಹಾಗೆ ಕಾಣುತ್ತಿತ್ತು. ಕೊನೆಗೆ ಕಿತ್ತು, ಉಂಡೆ ಮಾಡಿ, ತಿಂದುಬಿಟ್ಟಳು.

("ಇದನ್ನ ಬರೀಲೇಬೇಕಾ?" ಎಂದು ತಕ್ಕಡಿ ನನ್ನನ್ನು ಕೇಳಿದಳು. ಅವಳು ನನ್ನೊಡನೆ ಮಾತಾಡಿದ್ದು ಇದೊಂದೇ ಸಲ. ತಿಂದದ್ದನ್ನು ಬಿಡಬಹುದು, ಬಿಟ್ಟದ್ದನ್ನು ಬಿಡಲಾಗುವುದಿಲ್ಲ ಎಂದೆ. ಆಮೇಲೆ ತಿಂದದ್ದನ್ನೂ ಬಿಡಲಿಲ್ಲ. ಕ್ಷಮಿಸಲಿ.)

ಒಂದು ರಸ್ತೆ ಬಿಟ್ಟದ್ದನ್ನು ತಕ್ಕಡಿ ಅತ್ತಿಗೆಗೆ ಹೇಳಿದಳು; ಅದು ಯಾವ ಕಡೆಗೆ ಇಳಿಯುತ್ತದೆ, ತಮಗೆ ಬೇಕಾದದ್ದು ಅದೇನಾ ಎಂಬುದು ಮಾತ್ರ ನೆನಪಾಗಲಿಲ್ಲ. "ಮಾವನಿಗೆ ಫೋನ್ ಮಾಡು," ಎಂದಳು ಅತ್ತಿಗೆ.

ಮಾಡಿದರೆ ಗುಟ್ಟು ಹೋಗುತ್ತದೆ. ಗುಟ್ಟಷ್ಟೇ ಅಲ್ಲ, ಕೇಕು ಅಪ್ಪನ ಕಣ್ಣಿಗೆ ಬೀಳುವ ಮೊದಲೇ ಅದರ ತಪ್ಪು ಅವರ ಕಿವಿಗೆ ಬೀಳುತ್ತದೆ. ಮಾಡದಿದ್ದರೆ ಸಭೆ ಮುಗಿಯುತ್ತದೆ. ತಕ್ಕಡಿ ತೂಗಿದಳು. ಟ್ಯಾಂಕರೊಂದು ಹಾದುಹೋಗಿ ವ್ಯಾನು ನಡುಗಿತು, ಬಿಸ್ಕತ್ತಿನ ಕಂಬಗಳೂ ನಡುಗಿದವು. ಫೋನ್ ತೆಗೆದಳು.

೬

"ಅಪ್ಪಾ, ಸಭೆ ಮುಗೀತಾ?"

"ಭಾಷಣ ನಡೀತಿದೆ. ನಾನು ತೀರಿಕೊಂಡಿದ್ದೀನಿ ಅನ್ನೋ ಹಾಗೆ ಹೊಗಳ್ತಿದಾರೆ. ಎಲ್ಲಿದ್ದೀಯ?"

"ನಿಮ್ಮ ಸೇತುವೆ ಮೇಲೆ. ಹೊರಗೆ ಬರೋಕೆ ಆಗ್ತಿಲ್ಲ."

ಎದ್ದು ಹೊರಗೆ ಬಂದ ಸದ್ದು, ಬಾಗಿಲು ಮುಚ್ಚಿದ ಸದ್ದು. "ಉತ್ತರಕ್ಕೆ ಮುಖ ಮಾಡಿದ್ದೀರಾ?"

"ಮಾವ," ಎಂದಳು ಅತ್ತಿಗೆ, ಸ್ಪೀಕರಿಗೆ ಬಾಯಿ ಕೊಟ್ಟು, "ಉತ್ತರ ಎಲ್ಲಿದೆ ಅಂತ ಗೊತ್ತಿದ್ರೆ ಇಷ್ಟೊತ್ತಿಗೆ ನಿಮ್ಮ ಪಕ್ಕ ಕೂತು ಚಪ್ಪಾಳೆ ತಟ್ತಿದ್ವಿ."

ಅವರು ಕೇಳುತ್ತ ಹೋದರು, ಇವರು ಕಂಡದ್ದನ್ನು ಹೇಳುತ್ತ ಹೋದರು. ತಾಳೆಯಾಗಲಿಲ್ಲ. ಅವರಿಗೆ ಗೊತ್ತಿದ್ದದ್ದು ಹಕ್ಕಿಗೆ ಕಾಣುವ ಸೇತುವೆ. ಅದರ ಮೇಲೆ ಹೋದಾಗಲೆಲ್ಲ ಅವರು ಜೀಪಿನ ಹಿಂದಿನ ಸೀಟಿನಲ್ಲಿ ಫೈಲು ಓದುತ್ತಿದ್ದರು. ಕೊನೆಗೆ, ನಕ್ಷೆಯೊಂದು ನಿನ್ನ ಮುಂದಿದ್ದಿದ್ದರೆ ಒಂದು ಮಾತಿನಲ್ಲಿ ಹೇಳಿಬಿಡುತ್ತಿದ್ದೆ ಎಂದರು.

"ಇದೆ," ಎಂದಳು ತಕ್ಕಡಿ. "ಕಾಗದದ್ದಲ್ಲ. ಕೇಕು."

ಅತ್ತ ಕಡೆ ಕುರ್ಚಿ ಎಳೆದ ಸದ್ದು. ಆಮೇಲೆ, "ಅಳತೆ?"

"ಸಾವಿರಕ್ಕೆ ಒಂದು."

"ಹೂಂ. ಹಾಗಾದ್ರೆ ನೋಡು, ಮಧ್ಯದ ಅಂತಸ್ತಿಂದ ಎಡಕ್ಕೆ ಒಂದು ಗಿಡ್ಡ ರಸ್ತೆ ಇಳಿಯುತ್ತೆ, ಕೊಕ್ಕೆ ತರ. ಅದೇ ನಿಮ್ಮ ದಾರಿ."

"ಅದು ಇದರಲ್ಲಿಲ್ಲ."

"ನಕ್ಷೆಯಲ್ಲಿದೆ."

"ನಕ್ಷೆಯಲ್ಲಿದೆ ಅಪ್ಪಾ. ನಾನು ಬಿಟ್ಟೆ."

"ಯಾಕೆ?"

ಕಣಕ ಸಾಲಲಿಲ್ಲ ಅನ್ನಬಹುದಿತ್ತು. ಸಮಯ ಇರಲಿಲ್ಲ ಅನ್ನಬಹುದಿತ್ತು. ಎರಡನ್ನೂ ತೂಗಿ ನೋಡಿದಳು, ಎರಡೂ ಹಗುರ.

"ಚೆನ್ನಾಗಿ ಕಾಣ್ತಿರಲಿಲ್ಲ."

ಫೋನಿನಿಂದ ಒಂದು ಸದ್ದು ಬಂತು. ಕೆಮ್ಮು ಎಂದುಕೊಂಡಳು ಅತ್ತಿಗೆ. ತಕ್ಕಡಿಗೆ ಗೊತ್ತಾಯಿತು, ಅಪ್ಪ ನಗುತ್ತಿದ್ದಾರೆ.

"ನಾನೂ ಬಿಟ್ಟಿದ್ದೆ," ಎಂದರು. "ಮೊದಲನೇ ನಕ್ಷೆಯಲ್ಲಿ ಅದು ಇರಲೇ ಇಲ್ಲ. ಮೇಲಿನವರು ಹಟ ಮಾಡಿ ಸೇರಿಸಿದ್ರು. ಎಷ್ಟು ಜಗಳ ಆಡಿದೆ ಗೊತ್ತಾ? ಈಗಲೂ ಅದನ್ನ ನೋಡಿದ್ರೆ ಮೈ ಉರಿಯುತ್ತೆ. ನಡೀರಿ, ಅದರಲ್ಲೇ ಇಳೀರಿ. ಬೇರೆ ದಾರಿ ಇಲ್ಲ."

(ಅಚ್ಚುಕಟ್ಟು ಜಾಸ್ತಿಯಾಯಿತು ಅನ್ನುತ್ತೀರಾ? ನನಗೂ ಹಾಗೇ ಅನ್ನಿಸಿತು. ಅಪ್ಪ ಬೈಯುವ ಹಾಗೆ ಬರೆದು ನೋಡಿದೆ. ಅವರು ಬೈಯಲು ಬಾಯಿ ತೆರೆದು ನಕ್ಕುಬಿಟ್ಟರು. ನಾನೇನು ಮಾಡಲಿ?)

೭ (ಮುಕ್ತಾಯಗಳು, ಬೇಕಾದದ್ದನ್ನು ಆರಿಸಿಕೊಳ್ಳಿ)

ಅ. ಸಭೆ. ದೀಪಗಳು. ಅಪ್ಪ ಕೇಕಿನ ಚೂರು ಬಾಯಿಗಿಟ್ಟು ಕಣ್ಣೀರು ಒರೆಸಿಕೊಳ್ಳುತ್ತಾರೆ. ಮಾವ ಅಳುವವರಲ್ಲ ಎಂದಳು ಅತ್ತಿಗೆ; ಅಳಬೇಕಾಗಿ ಬಂದರೂ ಮೊದಲು ಕರ್ಚೀಫಿನ ಮಡಿಕೆ ಸರಿಮಾಡಿಕೊಳ್ಳುತ್ತಾರೆ, ಅಷ್ಟರಲ್ಲಿ ಅಳು ಹೋಗಿರುತ್ತದೆ.

ಆ. ತಲುಪುವಷ್ಟರಲ್ಲಿ ಎಲ್ಲರೂ ಹೋಗಿದ್ದಾರೆ. ಮೂವರೂ ವ್ಯಾನಿನ ಹಿಂಭಾಗದಲ್ಲಿ ಕೂತು ಕೇಕು ತಿನ್ನುತ್ತಾರೆ. ನನಗೆ ಬಹಳ ಹಿಡಿಸಿದ್ದು ಇದು. ಇಷ್ಟು ಸುತ್ತಿ ಖಾಲಿ ಕುರ್ಚಿ ನೋಡಲು ಹೋಗಬೇಕಾ ಎಂದು ಕೇಳಿದಳು ಅತ್ತಿಗೆ. ಕೆಳಗಿಟ್ಟೆ.

ಇ. ಅಪ್ಪ ಕೇಕನ್ನು ಬಹಳ ಹೊತ್ತು ನೋಡಿ, ಸಕ್ಕರೆ ಬೇಡ ಎನ್ನುತ್ತಾರೆ. ಇದನ್ನು ಓದಿ ಹೇಳಿದಾಗ ಇಬ್ಬರೂ ಏನೂ ಅನ್ನಲಿಲ್ಲ. ಅತ್ತಿಗೆ ಕೂಡ. ಅದನ್ನು ನಾಲ್ಕು ಚೂರು ಮಾಡಿ ಹರಿದೆ.

ಈ. ಬರೆಯಲು ಶುರು ಮಾಡಿದ್ದೆ, ಅಷ್ಟರಲ್ಲಿ ಇಂಜಿನ್ ಸದ್ದಾಯಿತು.

"ಮೇಡಂ, ಇಳೀರಿ," ಎಂದಳು ಅತ್ತಿಗೆ.

ಎಲ್ಲಿ, ಇಲ್ಲೇ? ಎಂದೆ.

"ಇಲ್ಲೇ. ಮುಂದೆ ಇಳಿಜಾರು, ಸೊಟ್ಟ ಬೇರೆ. ಹಿಂದೆ ಇನ್ನೊಬ್ಬರು ಕೂತ್ರೆ ಭಾರ ಒಂದು ಕಡೆಗಾಗುತ್ತೆ. ನಿಮಗೆ ಕಥೆ ಹೋದ್ರೆ ಇನ್ನೊಂದು ಸಿಗುತ್ತೆ. ಇವಳಿಗೆ ಕೇಕು ಇದೊಂದೇ."

ನ್ಯಾಯವಾದ ಮಾತು. ಕಾಗದಗಳನ್ನು ಎದೆಗೆ ಅವುಚಿಕೊಂಡು ಕೆಂಪು ಬಳಿದ ಕಂಬದ ಪಕ್ಕ ಇಳಿದೆ. ಫೋನು ಇನ್ನೂ ಕಟ್ ಆಗಿರಲಿಲ್ಲ. ಸ್ಪೀಕರಿನಿಂದ ಅಪ್ಪನ ದನಿ ಕೇಳುತ್ತಿತ್ತು. ಕಂಬ ಯಾತರದ್ದು ಎಂದು ಕೇಳುತ್ತಿದ್ದರು. ಬಿಸ್ಕತ್ತು ಎಂದಳು ತಕ್ಕಡಿ. ಒಂದಕ್ಕೊಂದು ಎಷ್ಟು ದೂರ? ಹೇಳಿದಳು. ಮೂರು ಅಂತಸ್ತಿನ ಭಾರ ತಡೆಯುತ್ತದಾ? ಇಷ್ಟು ಸುತ್ತಿದರೂ ಬಿದ್ದಿಲ್ಲ ಎಂದಳು. ಅವಳು ತೂಗದೆ ಉತ್ತರ ಕೊಡುತ್ತಿದ್ದುದನ್ನು ನಾನು ಆಗ ಗಮನಿಸಿದೆ.

ವ್ಯಾನು ಮೆಲ್ಲಗೆ ಮುಂದೆ ಸರಿಯಿತು. ಅಪ್ಪನ ಪ್ರಶ್ನೆ ಇನ್ನೂ ಮುಗಿದಿರಲಿಲ್ಲ.

"ಸರಿ. ಕತ್ತರಿಸೋವಾಗ ಮೊದಲು ಯಾವ ಕಂಬ ತೆಗೀಬೇಕು?"

ತಕ್ಕಡಿ ಕೇಕಿನ ಮೇಲೆ ಬಗ್ಗಿ, ಎಲ್ಲ ಕಂಬಗಳನ್ನೂ ಒಂದು ಸಲ ನೋಡಿ, ಬಾಯಿ ತೆರೆದಳು. ಅತ್ತಿಗೆ ಕೈ ಚಾಚಿ ಬಾಗಿಲು ಎಳೆದುಕೊಂಡಳು.

ವ್ಯಾನು ಕೊಕ್ಕೆಯಲ್ಲಿ ಇಳಿಯುವುದು ಕಂಡಿತು. ಹಳದಿ ಬೆನ್ನು, ಮಿಟುಕುವ ದೀಪ, ಆಮೇಲೆ ಗೋಡೆ. ಅಲ್ಲಿಂದ ಮುಂದಿನದು ನನಗೆ ಗೊತ್ತಿಲ್ಲ, ಕೇಳಬೇಡಿ. ಗೊತ್ತಿದ್ದವರು ಆ ಮೂವರೇ, ಅವರು ಕೆಲಸದಲ್ಲಿದ್ದಾರೆ.

ನಾನು ಇನ್ನೂ ಇಲ್ಲೇ ನಿಂತಿದ್ದೇನೆ. ಗಾಳಿ ಚೆನ್ನಾಗಿದೆ, ಲಾರಿಯವರೆಲ್ಲ ಕೈ ಬೀಸುತ್ತಾರೆ. ನೀವು ಈ ಕಡೆ ಬಂದರೆ ಮಧ್ಯದ ಅಂತಸ್ತಿನಲ್ಲಿ, ಎಡಗಡೆ ಹಿಡಿದುಕೊಂಡು, ನಿಧಾನವಾಗಿ ಬನ್ನಿ.