ಎರಡನೇ ಕೂಗು

ದಾಲಿಸಾಯ್ ವಾರದ ಹಿಂದೆಯೇ ಹೇಳಿದ್ದಳು. ಅದೇ ಅವಳ ಮೈ ಉರಿಸುತ್ತಿತ್ತು.

ಬರಾಂಗಾಯ್, ಅಂದರೆ ಊರ ಪಂಚಾಯ್ತಿ, ಕಚೇರಿಯ ಕಂಪ್ಯೂಟರ್ ತರಗತಿಯಲ್ಲಿ ನೊನಾತೊ ಸರ್ ಹೊಳೆಯ ಸೈರನ್ನಿಗೆಂದು ಪ್ರೋಗ್ರಾಮ್ ಬರೆದು ತೋರಿಸಿದ್ದರು. ನೀರು ಹದಿನೈದು ಮೀಟರ್ ದಾಟಿದೆಯೇ? ಒಂದು ಕೂಗು, ಗಂಟು ಕಟ್ಟಿಕೊಳ್ಳಿ. ಇಲ್ಲವಾದರೆ, ಹದಿನಾರು ದಾಟಿದೆಯೇ? ಎರಡು ಕೂಗು, ಮನೆ ಬಿಡಿ. ಅದೂ ಇಲ್ಲವಾದರೆ, ಹದಿನೆಂಟು? ಮೂರು ಕೂಗು, ಓಡಿ. ಸೇತುವೆ ಬಳಿ ಮೀನುಂಡೆ ಕರಿದು ಮಾರುವ ದಾಲಿಸಾಯ್ ಕಲಿಯಲು ಸೇರಿ ಮೂರೇ ವಾರ. ಹತ್ತೊಂಬತ್ತು ಎಂದು ಒತ್ತಿ ನೋಡಿದಳು. ಪರದೆಯ ಮೇಲೆ ಬಂದದ್ದು: ಗಂಟು ಕಟ್ಟಿಕೊಳ್ಳಿ.

"ಸರ್, ಹತ್ತೊಂಬತ್ತು ಅಂದ್ರೆ ಹದಿನೈದನ್ನೂ ದಾಟಿರುತ್ತಲ್ಲ? ಮೊದಲನೇ ಪ್ರಶ್ನೆಗೇ ಹೌದು ಅಂತ ಅಲ್ಲೇ ನಿಂತ್ಬಿಡುತ್ತೆ. ಕೆಳಗಿನದನ್ನ ಕೇಳೋದೇ ಇಲ್ಲ."

"ಎರರ್ ಬಂತೇನಮ್ಮ? ಇಲ್ವಲ್ಲ! ನೀನು ಮೀನುಂಡೆ ಕರಿ, ಸೈರನ್ ನಾನು ನೋಡ್ಕೋತೀನಿ."

ತರಗತಿಯೆಲ್ಲ ನಕ್ಕಿತು. ದೊಡ್ಡ ಮನುಷ್ಯ!

ಹೊಳೆದಂಡೆಯ ಕೇರಿಯವರು ಮೊದಲ ಕೂಗಿಗೆ ಹೊಸ್ತಿಲು ದಾಟುವವರಲ್ಲ. ಬೇಗ ಹೊರಟವರ ಮನೆಯಿಂದ ಗ್ಯಾಸ್ ಸಿಲಿಂಡರು, ಟೀವಿ ಮಾಯವಾದದ್ದನ್ನು ಕಂಡವರು. ಗಂಟು ಕಟ್ಟಿ, ಗಂಜಿ ಬೇಯಿಸಿಕೊಂಡು, ಒಟ್ಟಿಗೆ ಎರಡು ಸಲ ಕೂಗುವ ಆ ಎರಡನೆಯ ಕೂಗಿಗೆ ಕಾಯುತ್ತಾರೆ. ದಾಲಿಸಾಯಳ ತಾಯಿಯೂ ಹಾಗೆಯೇ.

ಇವತ್ತು ಬೆಳಿಗ್ಗೆ ಚಂಡಮಾರುತ ಬಂತು. ಒಂದು ಕೂಗು ಕೇಳಿತು. ಗಾಡಿ ಮುಚ್ಚುತ್ತಿದ್ದ ದಾಲಿಸಾಯ್ ಸೇತುವೆ ಕಂಬದ ಅಳತೆಪಟ್ಟಿ ನೋಡಿದಳು. ಹದಿನೇಳು. ಸೈರನ್ ಮತ್ತೆ ಕೂಗಿತು, ಅದೇ ಒಂದು ಕೂಗು. ಅವಳಿಗೆ ನೆತ್ತಿಗೇರಿದ ಸಿಟ್ಟಿಗೆ ಮಳೆಯೂ ತಾಗಲಿಲ್ಲ. ಕಚೇರಿಗೆ ಓಡಿದಳು. ಸರ್ ಕಾಫಿ ಕುಡಿಯುತ್ತ ಕೂತಿದ್ದರು.

"ಏಳಿ ಮೇಲೆ!"

"ಏಯ್, ಏನಿದು? ಪ್ರೋಗ್ರಾಮ್ ಸರಿಯಾಗೇ ಓಡ್ತಾ ಇದೆ."

"ಅದು ಓಡಿದ್ರೆ ಏನು ಬಂತು? ಜನ ಓಡ್ತಿಲ್ಲ! ನಮ್ಮಮ್ಮ ಅಲ್ಲಿ ಗಂಟು ಕಟ್ಕೊಂಡು ಕೂತವ್ಳೆ!"

ಕುರ್ಚಿ ಸಮೇತ ಅವರನ್ನು ಪಕ್ಕಕ್ಕೆ ತಳ್ಳಿ, ಪ್ರಶ್ನೆಗಳ ಸಾಲನ್ನೇ ತಲೆಕೆಳಗು ಮಾಡಿದಳು. ಹದಿನೆಂಟು ಮೊದಲು, ಆಮೇಲೆ ಹದಿನಾರು, ಕೊನೆಗೆ ಹದಿನೈದು. ಸಿಟ್ಟಿನ ಅವಸರಕ್ಕೆ ಎರಡು ಸಲ ತಪ್ಪು ಒತ್ತಿದಳು. ಮೂರನೆಯ ಸಲ ಒತ್ತಿದಾಗ ಸೈರನ್ ಒಂದೇ ಸಮನೆ ಮೂರು ಸಲ ಅರಚಿತು. ನೀರು ಹದಿನೆಂಟು ದಾಟಿತ್ತು; ಎರಡನೆಯ ಕೂಗಿನ ಹೊತ್ತು ಆಗಲೇ ಮೀರಿಹೋಗಿತ್ತು.

ಜನ ಒಬ್ಬೊಬ್ಬರಾಗಿ ಕಚೇರಿಯ ಮೆಟ್ಟಿಲೇರಿ ಬಂದರು. ಎಲ್ಲರಿಗಿಂತ ಕೊನೆಗೆ ಅಮ್ಮ ಬಂದಳು, ಎದೆಯವರೆಗೆ ತೊಯ್ದು.

"ಎರಡನೇ ಕೂಗು ಎಲ್ಲಿ ಹೋಯ್ತೇ? ಕಾದೂ ಕಾದೂ ಸತ್ತೇ ಹೋಗ್ತಿದ್ದೆ."

ದಾಲಿಸಾಯ್ ಸರ್ ಕಡೆ ಕೈ ತೋರಿದಳು. "ಅವರನ್ನೇ ಕೇಳು."

"ಪ್ರೋಗ್ರಾಮಲ್ಲಿ ಒಂದು ಎರರೂ ಇರಲಿಲ್ಲಮ್ಮ," ಎಂದರು ಸರ್.

ಅಮ್ಮ ನೀರು ಸೋರುವ ಗಂಟನ್ನು ಅವರ ಮೇಜಿನ ಮೇಲೆ ಕುಕ್ಕಿದಳು.

"ಹಂಗಾದ್ರೆ ತಪ್ಪು ಹೊಳೇದೇ ಇರ್ಬೇಕು, ಅಲ್ವೇನಪ್ಪಾ?"